ಮಂಗಳ ಹೇಳಿದ ಆಯ್ತು

ಸುಮ ಮೇಡಂ ಮೈಸೂರಿನಿಂದ ಬಂದಿಳಿಯುವ ಹೊತ್ತಿಗೆ ಸಂಗೀತ ತನ್ನ ಕೋಣೆ ಗುಡಿಸಿ ಕುರ್ಚಿ ಹಾಕಿ ಮುಗಿಸಿದ್ದಳು. ಎರಡು ಎದುರುಬದುರು, ಒಂದು ಮೂಲೆಯಲ್ಲಿ. ಮೂಲೆಯದು ಮೇಡಂಗೆ. ಆಪ್ತಸಮಾಲೋಚಕರ ಸಂಘದ ಸದಸ್ಯತ್ವ ಬೇಕೆಂದರೆ ಕೋರ್ಸು ಮುಗಿಸಿ ಪರೀಕ್ಷೆ ಪಾಸಾದರೆ ಸಾಲದು. ನಿಜವಾಗಿ ಕಷ್ಟದಲ್ಲಿರುವವರ ಜೊತೆ ಹೇಗೆ ಮಾತಾಡುತ್ತಾಳೆಂದು ಸಂಘದವರೊಬ್ಬರು ಅದೇ ಕೋಣೆಯಲ್ಲಿ ಕೂತು ನೋಡಬೇಕು. ತಮಿಳುನಾಡಿಗೆ ಸೇರಿದ್ದರೂ ತಾಳವಾಡಿಯ ಜನ ಮನಸ್ಸಿನ ಮಾತಾಡುವುದು ಕನ್ನಡದಲ್ಲಿ. ಈರೋಡಿನ ಕಡೆಯ ಪರಿವೀಕ್ಷಕರಿಗೆ ಬರುವುದು ತಮಿಳು. ಕನ್ನಡ ಬಲ್ಲವರೊಬ್ಬರನ್ನು ಹುಡುಕಿ ಕಳಿಸಲು ಸಂಘ ಹೆಚ್ಚುಕಡಿಮೆ ಒಂದು ವರ್ಷ ತೆಗೆದುಕೊಂಡಿತ್ತು.

ಅಷ್ಟರಲ್ಲಿ, ಅವಳಿಗೆ ಕೆಲಸ ಕೊಟ್ಟಿದ್ದ ಟ್ರಸ್ಟ್ ಜೂನ್‌ನಿಂದ ಸದಸ್ಯತ್ವ ಇದ್ದವರನ್ನು ಮಾತ್ರ ಇಟ್ಟುಕೊಳ್ಳುವುದಾಗಿ ಹೇಳಿಬಿಟ್ಟಿತ್ತು. ಸಂಗೀತ ಅದನ್ನು ಅನ್ಯಾಯ ಎಂದುಕೊಂಡಿರಲಿಲ್ಲ. ಅವಳಿಗಿಂತ ಮುಂಚೆ ಇದ್ದವನು ಒಂದು ವಾರದ ತರಬೇತಿ ಪಡೆದು ಬಂದು, ಒಬ್ಬ ಹೆಂಗಸು ಹೇಳಿದ ಗುಟ್ಟನ್ನೆಲ್ಲ ಇದೇ ಕೋಣೆಯಲ್ಲಿ ಅವಳ ಗಂಡನ ಮುಂದೆ ಬಿಚ್ಚಿಟ್ಟಿದ್ದ. ಆಮೇಲೆ ಆ ಮನೆಯಲ್ಲಿ ಏನಾಯಿತೆಂದು ಊರಿಗೆಲ್ಲ ಗೊತ್ತು. ನಿಯಮ ಇರಲೇಬೇಕು. ಅದನ್ನು ದಾಟಲು ತನಗಿರುವುದು ಇವತ್ತೊಂದು ದಿನ, ಅಷ್ಟೆ.

ಟ್ರಸ್ಟಿನ ಜೀಪು ಓಡಿಸುವ ನಿಂಗರಾಜು ಜೀರಹಳ್ಳಿ ಕಡೆಯ ಹಾಡಿಯಿಂದ ಮಂಗಳಳನ್ನು ಕರೆತಂದ. ಎರಡನೇ ಸಲ ಬಸಿರು ಇಳಿದುಹೋದ ಮೇಲೆ ಮಂಗಳ ಮನೆಯಲ್ಲಿ ಮಾತು ಬಿಟ್ಟಿದ್ದಳು. ಇಲ್ಲಿಗೆ ಬಂದ ಮೊದಮೊದಲೂ ಗೋಡೆ ನೋಡಿಕೊಂಡು ಕೂತು ಎದ್ದುಹೋಗುತ್ತಿದ್ದಳು. ಹೋದ ವಾರ ಮಾತ್ರ, ಇನ್ನೊಂದು ಮಗು ತನಗೆ ಬೇಡವೇ ಬೇಡ, ಅತ್ತೆಗೆ ತಿಳಿದರೆ ಮನೆಯಲ್ಲಿ ಉಳಿಗಾಲವಿಲ್ಲ ಎಂದು ಒಂದೇ ಉಸಿರಿಗೆ ಹೇಳಿದ್ದಳು.

ಮೇಡಂ ಯಾರು, ಯಾಕೆ ಬಂದಿದ್ದಾರೆ, ಕೇಳಿದ್ದನ್ನು ಹೊರಗೆ ಹೇಳುವುದಿಲ್ಲ, ಇಷ್ಟವಿಲ್ಲದಿದ್ದರೆ ಎದ್ದು ಹೋಗುತ್ತಾರೆ ಎಂದು ಸಂಗೀತ ವಿವರಿಸಿದಳು. ಮಂಗಳ ಚಪ್ಪಲಿಯನ್ನು ಬಾಗಿಲಾಚೆಯೇ ಬಿಟ್ಟು ಬಂದಿದ್ದಳು. ಮೇಡಂ ಕಡೆ ನೋಡದೆ ಅಂದಳು:

“ಆಯ್ತು.”

ಕಾಗದ ಕೊಟ್ಟಾಗ ಸಹಿಯನ್ನೂ ಹಾಕಿದಳು. ಸುಮ ಗಡಿಯಾರ ನೋಡಿ ಪೆನ್ನು ತೆಗೆದರು.

ಸಂಗೀತಳಿಗೆ ಆ ಆಯ್ತು ಗೊತ್ತಿತ್ತು. ಅವಳ ಅಪ್ಪ ದೊಡ್ಡಮಾದ ಕೋಸಿನ ಹೊಲದಲ್ಲಿ ಕೂಲಿ ಮಾಡುವವನು. ಹೊಲದ ಯಜಮಾನನಿಗೆ, ಫಾರೆಸ್ಟ್‌ನವರಿಗೆ, ರೇಷನ್ ಅಂಗಡಿಯವನಿಗೆ, ಸಸಿ ಹಂಚಲು ಬಂದ ಆಫೀಸರಿಗೆ ಅವನು ಹೇಳುತ್ತಿದ್ದುದು ಅದೇ. ಅದಕ್ಕೆ ಒಪ್ಪಿಗೆ ಅಂತ ಅರ್ಥವಿಲ್ಲ. ನೀವು ಹೇಳಿ ಮುಗಿಸಿದಿರಿ, ಇನ್ನು ಬಿಡಿ ಅಂತ ಅರ್ಥ.

ಆದರೂ ಅವಳು ಶುರುಮಾಡಿದಳು. ಈ ವಾರ ನಿದ್ದೆ ಹೇಗಿತ್ತೆಂದು ಕೇಳಿದ್ದಕ್ಕೆ ಮಂಗಳ ಚೆನ್ನಾಗಿತ್ತು ಅಂದಳು. ಊಟಕ್ಕೂ ಅದೇ ಉತ್ತರ. ಅತ್ತೆಯೂ ಚೆನ್ನಾಗಿದ್ದರು. ಮೂಲೆಯಲ್ಲಿ ಪೆನ್ನು ಸರಸರ ಓಡುತ್ತಿತ್ತು. ಹೀಗೇ ಮುಕ್ಕಾಲು ಗಂಟೆ ತಳ್ಳಿದರೆ ಸಾಕು, ಸದಸ್ಯತ್ವ ಸಿಕ್ಕೀತು. ತನ್ನ ಪ್ರಶ್ನೆಗಳು ಸರಿಯಾಗೇ ಇವೆ ಎಂದು ಸಂಗೀತಳಿಗೆ ಗೊತ್ತಿತ್ತು. ಮಂಗಳ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಗಿಯುತ್ತಿದ್ದಳು, ಬೆರಳು ಬಿಳಿಚಿಕೊಂಡಿತ್ತು.

ಸಂಗೀತ ಕುರ್ಚಿ ಮುಂದಕ್ಕೆಳೆದುಕೊಂಡಳು.

“ಮಂಗಳ, ಇವ್ರು ಇಲ್ಲಿ ಕೂತಿರದು ನಿಂಗ ಬ್ಯಾಡ ಅನ್ನುಸ್ತದಾ?”

“ಆಯ್ತು.”

“ನಾ ಏನ್ ಕೇಳ್ದಿ?”

ಮಂಗಳ ತಲೆ ಎತ್ತಲಿಲ್ಲ. “ಆ ಕಾಗುದುಕ್ಕ ಕೈಯೆಳುತ್ತು ಆಕುದ್ನಲ್ಲಕ್ಕ, ಸಾಲ್ದಾ?”

ಸಂಗೀತ ಎದ್ದು, ಸ್ವಲ್ಪ ಆಚೆ ಬರುತ್ತೀರಾ ಎಂದು ಮೇಡಂ ಅವರನ್ನು ಕೇಳಿದಳು. ಸುಮ ಪುಸ್ತಕ ಮುಚ್ಚಿ ಹೊರಗೆ ಬಂದರು.

ಜಗುಲಿಯಲ್ಲಿ ಸುಮ ಸಿಟ್ಟಾಗಲಿಲ್ಲ, ಬೆನ್ನೂ ತಟ್ಟಲಿಲ್ಲ. ಒಪ್ಪಿಗೆ ಇಲ್ಲವೆಂದು ಅನಿಸಿದರೆ ನಿಲ್ಲಿಸಬೇಕಾದದ್ದೇ ಅಂದರು. ಆದರೆ ಅರ್ಧಕ್ಕೆ ನಿಂತದ್ದಕ್ಕೆ ಅಂಕ ಕೊಡುವ ಕಾಲಂ ಇಲ್ಲ.

“ನೋಡಿ ಸಂಗೀತ, ನಾನು ‘ಪರಿವೀಕ್ಷಣೆ ಆಗಿಲ್ಲ’ ಅಂತಲೇ ಬರೀಬೇಕು. ಮುಂದಿನ ಸರದಿ ಡಿಸೆಂಬರ್‌ಗೆ. ಸಂಜೆವರೆಗೂ ಇರ್ತೀನಿ, ಬೇರೆ ಯಾರಾದ್ರೂ ಇದ್ರೆ ಕರೆಸಿ.”

ಜೀಪಿಗೆ ಒರಗಿ ನಿಂತಿದ್ದ ನಿಂಗರಾಜುವಿಗೆ ಇದೆಲ್ಲ ಕೇಳಿಸಿತ್ತು. ಅವನು ಸಂಗೀತಳನ್ನು ಪಕ್ಕಕ್ಕೆ ಕರೆದ.

“ನಮ್ ಬೀದಿ ನಾಗಮಣಿ ಅಕ್ಕನ ಕರ್ಕಂಬರ್ನಾ? ಆವಮ್ಮ ಕಷ್ಟ ಇಲ್ದೇ ಇದ್ರೂ ಉಟ್ಟುಸ್ಕಂಡು ಅಳ್ತಳ ಕಣಕ್ಕ. ಮೇಡಮ್ಮಾರೂ ಅಳ್ಬೇಕು, ಅಂಗ್ ಅಳ್ತಳ.”

ಸಂಗೀತಳಿಗೆ ನಗು ಬಂತು. ಅರೆಗಳಿಗೆ ಯೋಚಿಸಿದಳು ಕೂಡ. ನಾಗಮಣಿ ಚೆನ್ನಾಗಿ ನಟಿಸುತ್ತಾಳೆ, ಅದರಲ್ಲಿ ಅನುಮಾನವಿಲ್ಲ.

“ಸುಮ್ನಿರ್ಲಾ,” ಅಂದಳು. ಮೇಡಂ ಕಡೆ ತಿರುಗಿ, ಬೇರೆ ಯಾರೂ ಇಲ್ಲ, ಹಾಗೇ ಬರೆದುಬಿಡಿ ಅಂದಳು.

ಅವಳು ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು. ಮಂಗಳ ಅಲ್ಲಾಡದೆ ಕೂತಿದ್ದಳು.

“ಮೇಡಮ್ಮಾರು ಓದ್ರಾ?”

“ಆಚ ಅವ್ರ. ಒಳಕ ಬರಲ್ಲ.”

“ನಿಂಗ ಏನಾರ ತೊಂದ್ರ ಆದದಾ?”

“ಆಗ್ಬೌದು. ಅದು ನನ್ ಕೆಲ್ಸದ್ದು, ನಿಂದಲ್ಲ.”

ಮಂಗಳ ಸೆರಗು ಬಿಟ್ಟು ಬೆರಳು ಉಜ್ಜಿಕೊಂಡಳು. ಈಗ ಮಾತಾಡುತ್ತಾಳೆಂದು ಸಂಗೀತ ಕಾದಳು. ಮಂಗಳ ಮುಚ್ಚಿದ ಬಾಗಿಲು ನೋಡಿದಳು, ಆಮೇಲೆ ಸಂಗೀತಳ ಮುಖ ನೋಡಿದಳು.

“ಆದ್ರೂ ನಾ ಇವತ್ತು ಏನೂ ಏಳಲ್ಲ ಕಣಕ್ಕ. ಆವಮ್ಮನ ಕೂರುಸ್ಕಂಡು ಮನ ವಿಚಾರ ಕೇಳ್ದಲ್ಲ ನೀನು, ನಂಗ ಮನ್ಸು ಕೆಟ್ಟೋಯ್ತು.”

ಸಂಗೀತ ತನ್ನ ಸಮಜಾಯಿಷಿಯನ್ನು ಪಕ್ಕಕ್ಕಿಟ್ಟು ಕೇಳಿದಳು:

“ಬರೋ ವಾರ ಬತ್ತೀಯಾ?”

“ನೋಡ್ತೀನಿ,” ಅಂದಳು ಮಂಗಳ. ಚಪ್ಪಲಿ ಮೆಟ್ಟಿಕೊಂಡು, ಮೇಡಂ ಮುಂದೆಯೇ ಹಾದು ಜೀಪು ಹತ್ತಿದಳು.

ಸುಮ ಚಾಮರಾಜನಗರದ ಬಸ್ಸು ಹಿಡಿದ ಮೇಲೆ ಸಂಗೀತ ಟ್ರಸ್ಟಿನ ರಾಜಶೇಖರ್‌ಗೆ ತಾನೇ ಫೋನ್ ಮಾಡಿದಳು. ಅವರು ಪೂರ್ತಿ ಕೇಳಿ, ಸಹಿ ಹಾಕಿದ್ದಳಲ್ಲ, ಮತ್ತೆ ನಿನಗೇನಾಗಿತ್ತು ಎಂದರು. ಸಹಿ ಇತ್ತು, ಒಪ್ಪಿಗೆ ಇರಲಿಲ್ಲ ಎಂದಳು. ಜೂನ್‌ಗೆ ಸತ್ಯಮಂಗಲದಿಂದ ಸದಸ್ಯತ್ವ ಇರುವವರೊಬ್ಬರು ಬರುತ್ತಾರೆ, ತನ್ನ ಕೈಯಲ್ಲಿ ಏನೂ ಇಲ್ಲ ಎಂದರು. ಅವರಿಗೆ ಕನ್ನಡ ಬರುತ್ತದೆಯೇ ಎಂದು ಸಂಗೀತ ಕೇಳಿದಳು.

“ಕಲೀತಾರಮ್ಮ,” ಎಂದರು ರಾಜಶೇಖರ್.

ಡಿಸೆಂಬರ್ ಸರದಿಗೆ ತನ್ನ ಹೆಸರಿರಲಿ, ಕೆಲಸ ಇದ್ದರೂ ಇಲ್ಲದಿದ್ದರೂ ಬರುತ್ತೇನೆ ಎಂದು ಸಂಘಕ್ಕೆ ಸಂದೇಶ ಕಳಿಸಿದಳು. ಆಮೇಲೆ ಕಿಟಕಿ ಮುಚ್ಚುತ್ತಾ ಯೋಚಿಸಿದಳು. ಮಂಗಳ ಬಂದರೆ ಮೊದಲು ಹೇಳಬೇಕಾದದ್ದು, ತಾನು ಮೇ ತನಕ ಮಾತ್ರ ಇಲ್ಲಿರುತ್ತೇನೆಂಬುದು. ಅವಳು ಹೇಳಿದ್ದರಲ್ಲಿ ಎಷ್ಟನ್ನು ಹೊಸಬರಿಗೆ ತಿಳಿಸಬೇಕು, ತಿಳಿಸಲೇಬೇಕೇ ಎಂದು ಅವಳನ್ನೇ ಕೇಳಬೇಕು. ಕೇಳಿದ ಮೇಲೆ, ಬರೀ ಆಯ್ತು ಅಂದರೆ ಅಷ್ಟಕ್ಕೇ ಬಿಡದೆ, ಅವಳು ಬಾಯಿಬಿಟ್ಟು ಹೇಳುವ ತನಕ ಕಾಯಬೇಕು.