ಹಿಂದಿನ ಗೇಟು ಬಿಡಿ

ಬೇಡಪ್ಪನೂ ಮೈಕಣ್ಣನೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಬೇಡಪ್ಪ ಪುರಸಭೆಯಲ್ಲಿ ಸಾರ್ವಜನಿಕ ಕಾರ್ಯಕ್ರಮಗಳಿಗೆ ಅನುಮತಿ ಕೊಡುವ ಅಧಿಕಾರಿ. ಯಾರು ಏನು ಕೇಳಿಕೊಂಡು ಹೋದರೂ ಮೊದಲು ಅವನ ಬಾಯಿಂದ ಬರುವುದು 'ಬೇಡ' ಎಂದೇ ಆದ್ದರಿಂದ ಊರು ಆ ಹೆಸರಿಟ್ಟಿತ್ತು. ಮೈಕಣ್ಣ ಸಂಗೀತ ಸಂಜೆಗಳನ್ನು ಏರ್ಪಡಿಸುವವನು, ಬೇಡಪ್ಪನ ಅಕ್ಕನ ಗಂಡ. ವೇದಿಕೆ ಗಟ್ಟಿಯಿಲ್ಲವೆಂದು ಹಿಂದೊಮ್ಮೆ ಬೇಡಪ್ಪ ಅವನ ಕಾರ್ಯಕ್ರಮವನ್ನು ಅರ್ಧಕ್ಕೇ ನಿಲ್ಲಿಸಿದ್ದ. ಜನ ಮೈಕಣ್ಣನ ಮೇಲೆ ಕುರ್ಚಿ ಎಸೆದಿದ್ದರು. ಅವತ್ತಿನಿಂದ ಬೇಡಪ್ಪನ ಬಾಯಲ್ಲಿ 'ಭಾವ' ಎನ್ನುವ ಮಾತು ಹೋಗಿ 'ಆ ಮನುಷ್ಯ' ಬಂತು. ಮೈಕಣ್ಣನೇನು ಕಮ್ಮಿಯೇ? ಹೆಂಡತಿಯೆದುರು 'ನಿನ್ನ ತಮ್ಮ' ಎನ್ನುವಾಗಲೆಲ್ಲ ಹಲ್ಲು ಕಡಿಯುತ್ತಿದ್ದ.

ಇಬ್ಬರ ನಡುವೆ ಸಿಕ್ಕಿ ಒದ್ದಾಡುತ್ತಿದ್ದವಳು ಅಕ್ಕ. ಅನುಮತಿ ಬೇಕೆಂದರೆ ಮೈಕಣ್ಣ ಬೇಡಪ್ಪನ ಹತ್ತಿರವೇ ಹೋಗಬೇಕು, ಹೋಗುವುದಕ್ಕೆ ಜಂಭ ಬಿಡುವುದಿಲ್ಲ. 'ಹೇಳು ನಿನ್ನ ತಮ್ಮನಿಗೆ' ಎಂದು ಇವನು, 'ಹೇಳು ಆ ಮನುಷ್ಯನಿಗೆ' ಎಂದು ಅವನು. ಇವಳು ಬೇಳೆಯಲ್ಲಿ ಕಲ್ಲು ಆರಿಸುವ ಹಾಗೆ ಬೈಗುಳವನ್ನೆಲ್ಲ ಆರಿಸಿ ಆಚೆ ಹಾಕಿ, ಉಳಿದಷ್ಟನ್ನು ಮಾತ್ರ ದಾಟಿಸುತ್ತಿದ್ದಳು. ಸಂಸಾರ ನಡೆಯಬೇಕಲ್ಲ!

ಈ ಸಲ ಅವಳಿಗೂ ಒಂದು ಆಸೆಯಿತ್ತು. ಬರಬೇಕಿದ್ದ ಹಾಡುಗಾರ್ತಿ ಕೈಕೊಟ್ಟಿದ್ದರಿಂದ ಗಂಡ, "ಒಂದು ಹಾಡು ನೀನೇ ಹಾಡಿಬಿಡು" ಎಂದಿದ್ದ. ಮದುವೆಗೆ ಮುಂಚೆ ವರ್ಷಗಟ್ಟಲೆ ಕಲಿತ ಹಾಡು ಅಡುಗೆಮನೆಯ ಹೊಸಿಲು ದಾಟಿರಲಿಲ್ಲ. ವಾರವೆಲ್ಲ ಅವಳು ಪಾತ್ರೆ ತೊಳೆಯುತ್ತಲೂ ಅದನ್ನೇ ಹಾಡಿದಳು. ಕಾರ್ಯಕ್ರಮ ಸುಸೂತ್ರವಾಗಿ ನಡೆದು ತಾನು ಒಂದೇ ಒಂದು ಸಲ ಜನರೆದುರು ಹಾಡಬೇಕು, ಅವಳಿಗೆ ಬೇಕಿದ್ದುದು ಇಷ್ಟೇ.

ಕಾರ್ಯಕ್ರಮದ ದಿನ ಬೆಳಿಗ್ಗೆ ತಮ್ಮ ಫೋನು ಮಾಡಿದ.

"ಅಕ್ಕ, ಆ ಮನುಷ್ಯನಿಗೆ ಹೇಳು. ಶಾಲೆ ಮೈದಾನದ ಹಿಂದಿನ ಗೇಟು ಬಿಡ್ಬೇಕು. ಮುಂದಿನ ಗೇಟಲ್ಲಿ ನೂಕುನುಗ್ಗಲು ಇರತ್ತೆ, ಏನಾದ್ರೂ ಆದ್ರೆ ಜನ ಓಡೋದಕ್ಕೆ ಇರೋದು ಅದೊಂದೇ ದಾರಿ. ಅಲ್ಲಿ ಒಂದು ಸೈಕಲ್ ನಿಲ್ಲಿಸಿದ್ರೂ ಆ ಅಯೋಗ್ಯನ್ನ ಒಳಗೆ ಹಾಕಿಸ್ತೀನಿ. ಜನ ಸತ್ರೂ ಪರವಾಗಿಲ್ಲ, ಚಪ್ಪಾಳೆ ಬಿದ್ರೆ ಸಾಕು ಅವನಿಗೆ!"

"ನೀನೇ ಬಂದು ಒಂದ್ಸಲ ನೋಡ್ಬಾರ್ದೇನೋ?"

"ಕರೀದೆ ಆ ಮನುಷ್ಯನ ಕಾರ್ಯಕ್ರಮಕ್ಕೆ ನಾನು ಕಾಲಿಡಲ್ಲ. ನೀನು ಹೇಳ್ತೀಯಲ್ಲ, ಅಷ್ಟು ಸಾಕು."

ನೋಡುವುದೇ ಅವನ ಕೆಲಸ, ಅದಕ್ಕೇ ಸಂಬಳ. ಆದರೂ ಬರುವುದಿಲ್ಲವಂತೆ! ಅಕ್ಕ ಫೋನು ಇಟ್ಟು ಹಜಾರಕ್ಕೆ ಬಂದಳು. ಜನರೇಟರ್ ಗಾಡಿ ಎಲ್ಲಿ ನಿಲ್ಲಿಸುವುದೆಂದು ತಿಳಿಯದೆ ಮೈಕಣ್ಣ ಕೆಂಡವಾಗಿದ್ದ.

"ಏನಂತೆ ನಿನ್ನ ತಮ್ಮಂದು? ಹಿಂದಿನ ಗೇಟಿಗೂ ಏನಾದ್ರೂ ಕೊಕ್ಕೆ ಹಾಕಿದ್ನಾ?"

ಅಯೋಗ್ಯನನ್ನು ತೆಗೆದಳು. ಒಳಗೆ ಹಾಕಿಸುವುದನ್ನು ತೆಗೆದಳು. ಚಪ್ಪಾಳೆಯನ್ನೂ ತೆಗೆದಳು. ಕೊನೆಗೆ ಅವಳ ನಾಲಿಗೆಯ ಮೇಲೆ ಉಳಿದಿದ್ದು ಮೂರೇ ಮಾತು.

"ಹಿಂದಿನ ಗೇಟು ಬಿಡಿ ಅಂದ."

ಮೈಕಣ್ಣನ ಮುಖ ಅರಳಿತು. "ಬಿಡಿ ಅಂದ್ನಾ? ಪರವಾಗಿಲ್ವೇ, ಬೇಡಪ್ಪನಿಗೂ ಬುದ್ಧಿ ಬಂತು. ಬಿಟ್ಟೆ ಕಣೇ!" ಎಂದು ನಗುತ್ತಾ ಹೊರಟ. ಗಂಡ ನಕ್ಕನಲ್ಲ ಎಂಬ ಸಮಾಧಾನದಲ್ಲಿ ಅವಳು ಸೀರೆಗೆ ಇಸ್ತ್ರಿ ಹಾಕಲು ಕುಳಿತಳು.

ಸಂಜೆ ಶಾಲೆಯ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂರು ಕಡೆ ಎತ್ತರದ ಗೋಡೆ, ಮುಂದಿನ ಗೇಟಿನಲ್ಲಿ ಇನ್ನೂ ನೂಕಿಕೊಂಡು ಬರುತ್ತಿದ್ದ ಜನ. ವೇದಿಕೆಯ ಪಕ್ಕದಲ್ಲಿ ಅಕ್ಕ ತನ್ನ ಸರದಿಗೆ ಕಾಯುತ್ತಿದ್ದಾಗ, ಕಂಕುಳಲ್ಲಿ ಕೂಸನ್ನು ಹೊತ್ತ ಹೆಂಗಸೊಬ್ಬಳು ಬೆವರು ಒರೆಸಿಕೊಳ್ಳುತ್ತಾ ಬಂದಳು.

"ಮಗೂಗೆ ಉಸಿರು ಕಟ್ತಿದೆ ಅಕ್ಕ. ಆಚೆ ಹೋಗೋಕೆ ದಾರಿ ಎಲ್ಲಿದೆ?"

"ಹಿಂದಿನ ಗೇಟು..." ಎಂದು ಕೈ ತೋರಿಸಿದ ಅಕ್ಕ, ಎತ್ತಿದ ಕೈಯನ್ನು ಇಳಿಸಲಿಲ್ಲ. ಮುಚ್ಚಿದ ಗೇಟಿಗೆ ಮೈ ತಾಗಿಸಿ ಜನರೇಟರ್ ಗಾಡಿ ನಿಂತಿತ್ತು. ಅಲ್ಲಿಂದ ರಬ್ಬರು ಸುಟ್ಟ ವಾಸನೆ ಬರುತ್ತಿತ್ತು. ದಾರಿ 'ಬಿಡಿ' ಎಂದದ್ದು ಗಂಡನ ಕಿವಿಯಲ್ಲಿ ಗೇಟಿನ ಗೊಡವೆ 'ಬಿಡಿ' ಎಂದಾಗಿದೆಯೆಂದು ಆಗ ಹೊಳೆಯಿತು. ಇದು ಗಂಡ ಮಾಡಿದ್ದಲ್ಲ, ತಮ್ಮ ಮಾಡಿದ್ದೂ ಅಲ್ಲ, ತಾನೇ ಆರಿಸಿ ಆರಿಸಿ ಮಾಡಿದ್ದು.

ಓಡಿಹೋಗಿ ಗಂಡನ ತೋಳು ಹಿಡಿದಳು. "ರೀ, ಆ ಗಾಡಿ ತೆಗೆಸ್ರೀ! ಅವನು ಹೇಳಿದ್ದು ದಾರಿ ಬಿಡಿ ಅಂತ!"

"ಗಾಡಿ ಎತ್ತಿದ್ರೆ ಕರೆಂಟ್ ಹೋಗತ್ತೆ, ಕಾರ್ಯಕ್ರಮ ಮುಗೀತು. ನಿನ್ನ ತಮ್ಮನಿಗೆ ಬೇಕಾಗಿರೋದೂ ಅದೇ. ತೆಪ್ಪಗೆ ಹೋಗಿ ಹಾಡು."

ಅಷ್ಟರಲ್ಲಿ ಅವಳನ್ನು ಕರೆದರು. ಅವಳು ವೇದಿಕೆ ಹತ್ತಿ ಮೈಕಿನ ಮುಂದೆ ನಿಂತಳು. ವಾದ್ಯದವರು ಶುರು ಮಾಡಿದರು. ವಾರವೆಲ್ಲ ಹಾಡಿದ ಹಾಡು ಗಂಟಲಲ್ಲಿ ಬಂದು ಕೂತಿತ್ತು. ಕೂಸನ್ನೆತ್ತಿದ್ದ ಆ ಹೆಂಗಸು ಇನ್ನೂ ಗಾಡಿಯ ಹತ್ತಿರವೇ ನಿಂತಿದ್ದಳು. ಅಕ್ಕ ಕೈಯೆತ್ತಿ ವಾದ್ಯ ನಿಲ್ಲಿಸಿದಳು.

"ಯಾರೂ ಏಳ್ಬೇಡಿ. ಈ ಕಾರ್ಯಕ್ರಮದ ಹಿಂದೆ ಇಬ್ಬರು ಗಂಡಸ್ರು ಇದಾರೆ. ಒಬ್ಬ ನನ್ನ ಗಂಡ, ಒಬ್ಬ ನನ್ನ ತಮ್ಮ. ಇಬ್ಬರ ಮಾತೂ ಇವತ್ತು ಪೂರ್ತಿ ಹೇಳ್ತೀನಿ, ಕೇಳಿ."

ಹೇಳಿದಳು. ಅಯೋಗ್ಯನನ್ನೂ ಬಿಡಲಿಲ್ಲ, ಬೇಡಪ್ಪನನ್ನೂ ಬಿಡಲಿಲ್ಲ. ಕರೆಯದೆ ಬರಲಾರದ ಅಧಿಕಾರಿಯ ದೊಡ್ಡಸ್ತಿಕೆ, ಕೇಳಿ ತಿಳಿದುಕೊಳ್ಳಲಾರದ ಗಂಡನ ಗತ್ತು, ಎಲ್ಲ ಮೈದಾನದ ಮೂಲೆಮೂಲೆಗೂ ಕೇಳಿಸಿತು. ಜನ ಮೊದಲು ನಕ್ಕರು, ಆಮೇಲೆ ತಿರುಗಿ ಗೇಟು ನೋಡಿದರು. ನಗು ನಿಂತಿತು.

"ಡ್ರೈವರಣ್ಣ, ಗಾಡಿ ತೆಗಿ. ಕರೆಂಟ್ ಹೋದ್ರೆ ಹೋಗ್ಲಿ. ಗೇಟು ತೆಗೆಯೋವರೆಗೂ ಎಲ್ಲರೂ ಕೂತಲ್ಲೇ ಇರಿ, ಆಮೇಲೆ ನಿಧಾನಕ್ಕೆ ಹೋಗಿ. ಮಕ್ಕಳಿರೋರು ಮೊದ್ಲು..."

ಅಷ್ಟರಲ್ಲಿ ಮೈಕು ಸತ್ತಿತು, ದೀಪಗಳೂ ಹೋದವು. ಗಾಡಿ ಗುರ್ರೆಂದು ಸರಿದು ಗೇಟು ತೆರೆದಾಗ ಬೀದಿದೀಪದ ಬೆಳಕು ಒಳಗೆ ಬಂತು. ಜನ ಗೊಣಗುತ್ತಾ, ಬೈಯುತ್ತಾ, ಆದರೆ ನಡೆದುಕೊಂಡೇ ಆಚೆ ಹೋದರು. ಯಾರಿಗೂ ಒಂದು ತರಚು ಗಾಯವೂ ಆಗಲಿಲ್ಲ.

ಅವಳು ಮೆಟ್ಟಿಲಿಳಿಯುವಾಗ ಕೆಳಗೆ ಇಬ್ಬರೂ ನಿಂತಿದ್ದರು. ಕರೆದಿಲ್ಲವೆಂದು ಒಳಗೆ ಬಾರದೆ, ಆಫೀಸಿನವರ ಜೊತೆ ಮುಂದಿನ ಗೇಟಿನಾಚೆ ಜೀಪಿನಲ್ಲಿ ಕೂತಿದ್ದ ತಮ್ಮ ಓಡಿಬಂದು ಏದುಸಿರು ಬಿಡುತ್ತಿದ್ದ. ಗಂಡ ಅವಳತ್ತ ಬೆರಳು ಚಾಚಿದ.

"ನನ್ನ ಮಾನ ಹರಾಜು ಹಾಕ್ಬಿಟ್ಟೆಯಲ್ಲೇ ಹಾಳಾದೋಳೇ!"

"ನಮ್ಮ ಆಫೀಸಿನವರೆಲ್ಲ ಕೇಳಿಸ್ಕೊಂಡ್ರು. ನನ್ನ ಕೆಲಸಕ್ಕೇ ಕುತ್ತು ತಂದೆ ಅಕ್ಕ." ತಮ್ಮ ಅವಳಿಂದ ಮುಖ ತಿರುಗಿಸಿ ಮೈಕಣ್ಣನನ್ನು ನೋಡಿದ. "ಇವಳಿಗೆ ತಲೆಗಿಲೆ ಕೆಟ್ಟಿದೆಯಾ ಭಾವ?"

"ಇವತ್ತೇನಲ್ಲ ಕಣೋ, ಮೊದಲಿಂದಲೂ ಹೀಗೇ," ಎಂದ ಮೈಕಣ್ಣ.

ಭಾವ! ಇಷ್ಟು ವರ್ಷ ಈ ಒಂದು ಮಾತಿಗಾಗಿ ಅವಳು ಎಷ್ಟು ಬೈಗುಳ ನುಂಗಿಕೊಂಡಿದ್ದಳು! ಅದು ಬಂದಿದ್ದು ಹೀಗೆ. ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ಮೆಟ್ಟಿಲಿಗೆ ಅಡ್ಡ ನಿಂತಿದ್ದರು.

"ಬಿಡಿ," ಎಂದಳು.

ಈ ಸಲ ಇಬ್ಬರಿಗೂ ಅರ್ಥವಾಯಿತು. ಒಬ್ಬ ಆ ಕಡೆ, ಒಬ್ಬ ಈ ಕಡೆ ಸರಿದರು. ಅವಳು ನಡುವಿನಿಂದ ಹಾದು, ಹಿಂದಿನ ಗೇಟು ದಾಟಿ, ತನ್ನ ಹಾಡನ್ನು ಗಟ್ಟಿಯಾಗಿ ಹಾಡಿಕೊಳ್ಳುತ್ತಾ ಬೀದಿಗೆ ಇಳಿದಳು.