ಬೋಗಾದಿಯ ಚಿನ್ನದಮ್ಮ

ಪೊಲೀಸ್ ದಫೇದಾರ್ ಲಿಂಗಯ್ಯ ಚಿನ್ನದ ನಾಣ್ಯವನ್ನು ನನ್ನ ಮೇಜಿನ ಮೇಲಿಟ್ಟಾಗ ಅದರ ಅಂಚಿನಲ್ಲಿ ರಕ್ತ ಒಣಗಿತ್ತು. ಹಳೆಯ ನಾಣ್ಯಗಳನ್ನು ಗುರುತಿಸುವುದೇ ಮೈಸೂರಿನ ಈ ಕಚೇರಿಯಲ್ಲಿ ನನ್ನ ಕೆಲಸ. ಇಪ್ಪತ್ತು ವರ್ಷದಲ್ಲಿ ರಕ್ತ ಹತ್ತಿದ್ದು ಬಂದದ್ದು ಇದೇ ಮೊದಲು. ಮೈಯೆಲ್ಲ ಉರಿಯಿತು.

“ಒರೆಸಿ ತರೋಕೆ ಏನಾಗಿತ್ರೀ?”

“ಸಾಕ್ಷಿ ಸ್ವಾಮಿ, ಒರೆಸೋ ಹಂಗಿಲ್ಲ.”

ನಡೆದದ್ದು ಹೀಗೆ. ಬೋಗಾದಿಯ ನಿಂಗಯ್ಯ, ಮಹದೇವು ಅಣ್ಣತಮ್ಮಂದಿರು. ಅವರ ತಾತನಿಗೆ ಹೊಲ ಉಳುವಾಗ ಸಿಕ್ಕಿದ ನಾಣ್ಯ ಇದು. ಒಂದು ಮಗ್ಗುಲಲ್ಲಿ ಕೂತಿರುವ ಹೆಂಗಸು. ಲಕ್ಷ್ಮಿಯೇ ಮನೆಗೆ ಬಂದಳೆಂದು ತಾತ ಇನ್ನೊಂದು ಮಗ್ಗುಲಿಗೆ ಅರಗು ಹಚ್ಚಿ, ತಾಮ್ರದ ತಟ್ಟೆಗೆ ಅಂಟಿಸಿ, ದೇವರ ಗೂಡಿನಲ್ಲಿಟ್ಟ. ಅರವತ್ತು ವರ್ಷ ಅರಿಸಿನ ಕುಂಕುಮ ಬಿತ್ತು. ಬೆನ್ನ ಕಡೆ ಏನಿದೆಯೆಂದು ಆಮೇಲೆ ಒಬ್ಬರೂ ನೋಡಲಿಲ್ಲ.

ಈ ಸಲ, ೧೯೫೮ರ ಗೌರಿ ಹಬ್ಬಕ್ಕೆ, ಮಹದೇವುವಿನ ಹೆಂಡತಿ ಶಿವನಂಜಮ್ಮ ಕುದಿನೀರು, ಹುಣಸೆಹಣ್ಣು ಹಾಕಿ ತಟ್ಟೆ ಉಜ್ಜಿದಳು. ಅರಗು ಕರಗಿ ನಾಣ್ಯ ಕಳಚಿತು. ಬೆನ್ನಿನಲ್ಲೊಂದು ತಲೆ, ಕೆನ್ನೆಯಿಂದ ಕತ್ತಿನವರೆಗೆ ಉಳಿಯಲ್ಲಿ ಹೊಡೆದ ಸೀಳು. ಮಹದೇವು ಆಗಲೇ ಪಾಲು ಕೇಳುತ್ತಿದ್ದ. ಮಾರುವ ಮುಂಚೆ ಚಿನ್ನ ಹೌದೋ ಅಲ್ಲವೋ ನೋಡಲು ಲಕ್ಷ್ಮಿಯಮ್ಮನ ಕತ್ತನ್ನೇ ಸೀಳಿದ್ದಾನೆ ಎಂದುಕೊಂಡ ನಿಂಗಯ್ಯ ತಮ್ಮನನ್ನು ಒದ್ದು ಕೆಡವಿದ. ಅವನ ಬಲಗೈಯನ್ನು ಹೊಸ್ತಿಲ ಮೇಲೆ ತುಳಿದು ಹಿಡಿದು ಮಚ್ಚು ಬೀಸಿದ. ಎರಡೇಟಿಗೆ ಕೈ ತುಂಡಾಯಿತು. ಮೂರನೆಯದು ಕತ್ತಿಗೆ ಬಿತ್ತು.

ಸೀಳು ಹೊಸದೋ ಹಳೆಯದೋ ಎಂದು ನಾನು ಬರೆದುಕೊಡಬೇಕಿತ್ತು. ಹೊಸದಾದರೆ, ತಮ್ಮನೇ ಕೆಣಕಿದ ಎಂದು ವಾದಿಸಿ ನಿಂಗಯ್ಯನನ್ನು ನೇಣಿನಿಂದ ಉಳಿಸಬಹುದಂತೆ. ಅವನು ಬೇಡಿ ಹಾಕಿಸಿಕೊಂಡು ನನ್ನೆದುರೇ ನಿಂತಿದ್ದ. ಹೇಳಿಕೆ ಕೊಡಲು ಕರೆತಂದಿದ್ದ ಶಿವನಂಜಮ್ಮ ಬಾಗಿಲಲ್ಲಿದ್ದಳು.

ಭೂತಗನ್ನಡಿ ಹಿಡಿದು ತಲೆಯ ಸುತ್ತಲಿನ ಅಕ್ಷರ ಓದಿದೆ. ರೋಮಿನ ಚಕ್ರವರ್ತಿ ಟೈಬೀರಿಯಸ್. ಆ ಕಾಲದಲ್ಲಿ ವ್ಯಾಪಾರಕ್ಕೆಂದು ನಮ್ಮ ಕಡೆಗೆ ಬಂದ ಇಂಥ ಚಿನ್ನದ ಮುಖಕ್ಕೆ ಹೀಗೆ ಉಳಿಯೇಟು ಹಾಕಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆದರೂ ಸೂಜಿಯಿಂದ ಸೀಳನ್ನು ಕೆದಕಿದೆ. ತಳದಿಂದ ಅರಗು ಎದ್ದು ಬಂತು. ತಾತ ಅಂಟಿಸುವ ಮುಂಚೆಯೇ ಸೀಳು ಇತ್ತು.

“ನಿನ್ನ ತಮ್ಮ ಮುಟ್ಟಿಲ್ಲ ಕಣಯ್ಯಾ. ಇದು ಸಾವಿರಾರು ವರ್ಷದ ಏಟು. ಅಮ್ಮನ ಮುಖವೂ ಅಲ್ಲ, ಯಾವನೋ ದೊರೆಯದು.”

“ಹೊಸ್ದು ಅಂತ ಬರೀರಿ ಸ್ವಾಮಿ.”

“ಈಗ ನೇಣಿಗೆ ಹೆದರ್ತೀಯಾ?”

“ನೇಣು ಹಾಕ್ಲಿ ಬುಡಿ. ಅವ್ನೇ ಕುಯ್ದ ಅಂತ ಬರೀರಿ, ಅಷ್ಟೇ ಸಾಕು.”

ಹಳೆಯದು ಎಂದು ಬರೆದು ಸಹಿ ಹಾಕಿದೆ. ನಿಂಗಯ್ಯ ಮೇಜಿನ ಅಂಚಿಗೆ ಹಣೆ ಚಚ್ಚಿಕೊಳ್ಳತೊಡಗಿದ. ಚರ್ಮ ಒಡೆದು ನನ್ನ ಕಾಗದದ ಮೇಲೆಲ್ಲ ರಕ್ತ ಚಿಮ್ಮಿತು. ಲಿಂಗಯ್ಯ ಹಿಡಿದೆಳೆದ.

“ಬುಡಿ ಸ್ವಾಮಿ, ತಡೀಬೇಡಿ,” ಎಂದಳು ಶಿವನಂಜಮ್ಮ. “ನಾನಲ್ಲ ಕಣಣ್ಣೋ ಅಂತ ನನ್ ಗಂಡ ಬಡ್ಕೊಂಡಾಗ ಊರೆಲ್ಲಾ ನಿಂತ್ಕಂಡು ನೋಡ್ತು.”

ಲಿಂಗಯ್ಯ ಕೈಬಿಟ್ಟ. ನಾನೂ ಕುರ್ಚಿಯಿಂದ ಏಳಲಿಲ್ಲ.