ನಗೆ ಮುಗಿಯುವವರೆಗೆ

ನಾನು ಒಂದು ಮೊಬೈಲ್ ಫೋನು. ಉದ್ದನೆಯ ಬಿಳಿ ಶೆಡ್ಡಿನಲ್ಲಿ, ಕೈಗವಸು ಹಾಕಿದ ಹುಡುಗಿಯರ ಮುಂದೆ ಹರಿಯುವ ಪಟ್ಟಿಯ ಮೇಲೆ ತಯಾರಾದೆ. ನನ್ನನ್ನು ಯಾರೂ ಪ್ರೀತಿಯಿಂದ ಮಾಡಲಿಲ್ಲ. ಒಬ್ಬಳು ಗಾಜು ಕೂರಿಸಿದಳು, ಒಬ್ಬಳು ಸ್ಕ್ರೂ ಬಿಗಿದಳು, ಮತ್ತೊಬ್ಬಳು ಆಕಳಿಸುತ್ತ ಡಬ್ಬಿಯಲ್ಲಿಟ್ಟಳು. ನಾನು ಅಗ್ಗದ ಮಾಲು. ಫೋಟೊ, ವಿಡಿಯೊ ಇಟ್ಟುಕೊಳ್ಳಲು ನನ್ನೊಳಗೆ ಹೆಚ್ಚು ಜಾಗವಿರಲಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಮೊದಲು ಬಾಗಲಕೋಟೆಯ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿ ನನ್ನನ್ನು ಕೊಂಡಳು. ಹಾಸ್ಟೆಲ್ ಮೆಟ್ಟಿಲ ಮೇಲೆ ಬೀಳಿಸಿದಳು. ಮೂಲೆ ಒಡೆಯಿತು. ಹೊಸದು ತೆಗೆದುಕೊಂಡು ನನ್ನನ್ನು ಅಂಗಡಿಯಲ್ಲೇ ಬಿಟ್ಟು ಹೋದಳು. ಅಲ್ಲಿಂದ ನನ್ನನ್ನು ಎತ್ತಿಕೊಂಡವನು ನಿಂಗರಾಜ ಪತ್ತಾರ.

ನಿಂಗರಾಜ ಊರೂರು ತಿರುಗುವ ನಾಟಕ ಕಂಪನಿಯ ಹಾಸ್ಯನಟ. ಅಡುಗೆಯ ಡಬರಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ರಂಗಕ್ಕೆ ಬರುತ್ತಿದ್ದ. ಅದಕ್ಕೇ ಜನ ಅವನನ್ನು ಡಬರಿ ನಿಂಗರಾಜ ಎನ್ನುತ್ತಿದ್ದರು. ಅವನ ಹೆಂಡತಿ ಚಂಪಾವತಿಯೂ ಅದೇ ಕಂಪನಿಯ ನಟಿ. ಬಹಳ ವರ್ಷಗಳಿಂದ ಅವಳಿಗೆ ತಾಯಿಯ ಪಾತ್ರ, ಅತ್ತೆಯ ಪಾತ್ರ. ಅಳಬೇಕು, ಇಲ್ಲವೆ ಬೈಯಬೇಕು. ಅವಳ ಮಾತಿಗೆ ಯಾರೂ ನಕ್ಕಿದ್ದಿಲ್ಲ.

ನಿಂಗರಾಜ ಅವಳಿಗಾಗಿ ಒಂದು ನಾಟಕ ಕಟ್ಟತೊಡಗಿದ. ಅಡುಗೆಮನೆಯಲ್ಲಿ ಗಂಡ ಹೆಂಡತಿಯ ಜಗಳ, ಅಷ್ಟೇ ಕಥೆ. ಹೆಸರು 'ತಳ ಹಿಡಿದ ಡಬರಿ'. ಅವನು ಬರೆಯುತ್ತಿರಲಿಲ್ಲ. ಕಾಗದದ ಮೇಲಿಟ್ಟರೆ ಮಾತು ಸಾಯುತ್ತದೆ ಎನ್ನುತ್ತಿದ್ದ. ಕಂಪನಿ ಬೀಡುಬಿಟ್ಟ ಕ್ಯಾಂಪಿನ ಒಲೆಯ ಪಕ್ಕ ನನ್ನನ್ನು ನಿಲ್ಲಿಸಿ, ಕೆಮ್ಮಿ, ಡಬರಿ ಬಡಿದು, ಗಂಡನ ಮಾತನ್ನೂ ಹೆಂಡತಿಯ ಮಾತನ್ನೂ ತಾನೇ ಆಡಿ ರೆಕಾರ್ಡ್ ಮಾಡುತ್ತಿದ್ದ. ಪ್ರತಿ ದೃಶ್ಯದ ಮೊದಲಿಗೂ ಅದೇ ಕೆಮ್ಮು, ಅದೇ ಸದ್ದು. ಯಾವುದಕ್ಕೂ ಹೆಸರು ಕೊಡಲಿಲ್ಲ.

ಚಂಪಾವತಿ ರೊಟ್ಟಿ ಬಡಿಯುತ್ತ ಕೇಳಿ ಕಲಿತಳು. ಕಂಪನಿ ನಟರು ಕಲಿಯುವ ರೀತಿಯೇ ಬೇರೆ. ತಮ್ಮ ಮಾತು ಪೂರ್ತಿ ಕಲಿಯುತ್ತಾರೆ, ಎದುರಿನವರ ಮಾತಿನಲ್ಲಿ ಕೊನೆಯ ಶಬ್ದ ಮಾತ್ರ. ಆ ಶಬ್ದ ಬಿದ್ದರೆ ಬಾಯಿ ತಾನೇ ತೆರೆಯುತ್ತದೆ. ಉಳಿದದ್ದು ಎದುರಿನವರ ಹೊಣೆ.

ಅವಳು ಅವಸರ ಮಾಡುತ್ತಿದ್ದಳು. ನಿಂಗರಾಜ ತಡೆಯುತ್ತಿದ್ದ.

"ಏ ಚಂಪಾ, ಇಲ್ಲಿ ತಡಿ. ಜನ ನಗತಾರ. ನಗಿ ಮುಗೀಲಿ, ಆಮ್ಯಾಲ ಮುಂದಿನ ಮಾತು."

"ನಗಲಿಲ್ಲಂದ್ರ?"

"ನಗತಾರಲೇ. ಈ ಸಲ ನಿನ್ನ ಮಾತಿಗೇ ನಗತಾರ."

ಗಜೇಂದ್ರಗಡದ ಕ್ಯಾಂಪಿನಲ್ಲಿ, ಆಟಕ್ಕೆ ಮೊದಲು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವಾಗ ನಿಂಗರಾಜ ಎದೆ ಹಿಡಿದುಕೊಂಡ. ಒಂದು ಕೆನ್ನೆಗೆ ಬಣ್ಣ ಆಗಿತ್ತು, ಇನ್ನೊಂದಕ್ಕೆ ಆಗಿರಲಿಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಸುದ್ದಿ ಹಾಕಿದವನು ಹಾರ್ಮೋನಿಯಂ ನುಡಿಸುವ ದೇವೇಂದ್ರ ಮಾಸ್ತರ, ನಿಂಗರಾಜನ ಹಳೆಯ ಗೆಳೆಯ. ಅಭಿಮಾನಿಗಳೆಲ್ಲ ನಿಂಗರಾಜನ ಜಾಲತಾಣ ಖಾತೆಯಲ್ಲೇ ಇದ್ದರು. ಹಾಗಾಗಿ ಮಾಸ್ತರ ನನ್ನನ್ನು ತೆಗೆದುಕೊಂಡು ಅದೇ ಖಾತೆಯಿಂದ ಬರೆದ: 'ಡಬರಿ ನಿಂಗರಾಜ ಇನ್ನಿಲ್ಲ.' ಮೇಲೆ ನಿಂಗರಾಜನದೇ ಹೆಸರು, ಡಬರಿ ಹೊತ್ತ ನಗುಮುಖದ ಫೋಟೊ.

ಜನ ನಕ್ಕರು. ಹಳದಿ ನಗುಮುಖಗಳು ಸಾಲಾಗಿ ಬಂದವು. ಕಾಕಾ ಈ ಸಲ ಜೋಕು ಭಾರಿ ಆತು ಎಂದು ಒಬ್ಬ ಬರೆದ. ಸತ್ತ ಮೇಲೂ ಆನ್‌ಲೈನ್ ಇದ್ದೀರಲ್ಲ ಎಂದು ಇನ್ನೊಬ್ಬ. ಹೊಸ ನಾಟಕದ ಜಾಹೀರಾತು ಇರಬೇಕು ಎಂದು ಕೆಲವರು ದಿನಾಂಕ ಕೇಳಿದರು. ಮಾಸ್ತರ ಹೆಣದ ಫೋಟೊ ಹಾಕಿದ ಮೇಲೆ ಹಳದಿ ನಗುಮುಖಗಳು ಒಂದೊಂದಾಗಿ ಅಳುಮುಖಗಳಾದವು. ಅದಕ್ಕೆ ಹೆಚ್ಚು ಶ್ರಮ ಬೇಡ. ಬೆರಳು ಒತ್ತಿ ಸ್ವಲ್ಪ ಸರಿಸಿದರೆ ಸಾಕು.

ಆಮೇಲೆ ಮಾಸ್ತರ ಇನ್ನೊಂದು ಸಾಲು ಬರೆದ. ನಿಮ್ಮಲ್ಲಿರುವ ಫೋಟೊ, ವಿಡಿಯೊ, ನುಡಿನಮನ ಇದೇ ನಂಬರಿಗೆ ಕಳಿಸಿ. ಕಂಪನಿ ಪೋಸ್ಟರಿನಲ್ಲಿ ನಂಬರು ಹಾಕುವುದು ಅವನ ಕೈಗೆ ಕೂತ ರೂಢಿ. ನಂಬರು ಸತ್ತವನದು.

ಬಂದವು. ದೀಪ ಉರಿಯುವ ಚಿತ್ರಗಳು, ಹೂ ಉದುರುವ ಚಿತ್ರಗಳು, ಒಂದೇ ಫೋಟೊಗೆ ಬೇರೆ ಬೇರೆ ಸಂಘದವರು ತಮ್ಮ ಫೋಟೊ ಸೇರಿಸಿದ ಚಿತ್ರಗಳು. ಕೆಲವುಗಳಲ್ಲಿ ಸಂಘದ ಅಧ್ಯಕ್ಷರ ಮುಖ ನಿಂಗರಾಜನ ಮುಖಕ್ಕಿಂತ ದೊಡ್ಡದಿತ್ತು. ಕೆಲವರು ಎರಡು ಅಕ್ಷರ ಬರೆದರು, ಕೆಲವರು ನಿಜವಾಗಿ ಅತ್ತು ಧ್ವನಿ ಕಳಿಸಿದರು. ನನಗೆ ಎಲ್ಲವೂ ಒಂದೇ. ಬಂದದ್ದನ್ನೆಲ್ಲ ಇಳಿಸಿಕೊಂಡೆ, ಬಿಸಿಯಾದೆ, ತುಂಬಿದೆ.

ಆಗ ಟಿವಿಯ ಒಬ್ಬ ದೊಡ್ಡ ಹಾಸ್ಯನಟ ನುಡಿನಮನದ ವಿಡಿಯೊ ಕಳಿಸಿದ. ಅದು ನನ್ನಲ್ಲಿ ಇಳಿಯಲಿಲ್ಲ. ಜಾಗ ಇಲ್ಲ ಎಂದು ತೋರಿಸಿದೆ. ಮನೆ ತುಂಬ ಸಾವಿಗೆ ಮಾತಾಡಿಸಲು ಬಂದವರು. ಇದರಾಗ ಏನರ ತಗೀಬೇಕಾಗತೈತಿ ಎಂದು ಮಾಸ್ತರ ಚಂಪಾವತಿಯನ್ನು ಕೇಳಿದ. ಅವಳು ಗೋಡೆಗೆ ಒರಗಿ ಕೂತಿದ್ದಳು. ಬ್ಯಾಡಾದ್ದು ತಗೀರಿ ಎಂದಳು. ಅವಳು ನನ್ನ ಕಡೆ ನೋಡಲೇ ಇಲ್ಲ.

ಮಾಸ್ತರನಿಗೆ ನುಡಿನಮನ ಅಳಿಸಲು ಮನಸ್ಸಾಗಲಿಲ್ಲ. ಹೆಸರಿಲ್ಲದ ರೆಕಾರ್ಡುಗಳು ಕಂಡವು. ಒಂದನ್ನು ಒತ್ತಿದ. ಕೆಮ್ಮು ಕೇಳಿಸಿತು. ಸತ್ತ ಗೆಳೆಯನ ಕೆಮ್ಮು. ಅವನಿಗೆ ಮುಂದೆ ಕೇಳಲಾಗಲಿಲ್ಲ, ಬಂದ್ ಮಾಡಿದ. ಇನ್ನೊಂದರಲ್ಲೂ ಕೆಮ್ಮು, ಪಾತ್ರೆ ಸದ್ದು. ಕೈ ತಾಗಿ ತಾನೇ ರೆಕಾರ್ಡ್ ಆದದ್ದು ಎಂದುಕೊಂಡ. ಕಣ್ಣು ಒರೆಸಿಕೊಂಡು ಎಲ್ಲವನ್ನೂ ಅಳಿಸಿದ. ಟಿವಿಯವನ ವಿಡಿಯೊ ಸರಾಗವಾಗಿ ಇಳಿಯಿತು. ಅದರಲ್ಲಿ ಅವನು ನಿಂಗರಾಜನ ಹೆಸರನ್ನು ನಾಗರಾಜ ಎಂದಿದ್ದ.

ಕಂಪನಿಯ ಮಾಲಕರು ನುಡಿನಮನದ ಆಟ ಇಟ್ಟರು. ಡಬರಿ ನಿಂಗರಾಜರ ಕೊನೆಯ ನಾಟಕ, ಅವರ ಪತ್ನಿಯೇ ನಾಯಕಿ ಎಂದು ಪೋಸ್ಟರು ಹಂಚಿದರು. ಆಗ ಚಂಪಾವತಿ ನನ್ನನ್ನು ಕೈಗೆ ತೆಗೆದುಕೊಂಡಳು. ಹುಡುಕಿದಳು. ಮಾಸ್ತರನನ್ನು ಕರೆದಳು.

"ಮಾಸ್ತರ, ಇದರಾಗ ನಾಟಕ ಇತ್ತು."

"ನಾ ಕಾಗದದ ಹಾಳ್ಯಾಗ ಬರದಾನ ಅಂದಕೊಂಡಿದ್ನಿ."

ಅವಳು ಬೈಯಲಿಲ್ಲ. ನನ್ನನ್ನು ಮೊಬೈಲ್ ಅಂಗಡಿಗೆ ಒಯ್ದು ತೋರಿಸಿದಳು. ಅಳಿಸಿದ ಜಾಗದ ಮೇಲೆ ಬೇರೆಯದು ಕೂತಿದೆ, ಬರುವುದಿಲ್ಲ ಎಂದರು. ಅವಳಲ್ಲಿ ಉಳಿದದ್ದು ಅವಳ ಮಾತು, ಮತ್ತು ಗಂಡನ ಮಾತಿನ ಕೊನೆಯ ಶಬ್ದಗಳು.

ಬೇರೆ ನಟನನ್ನು ನಿಲ್ಲಿಸಿ ಮಾತು ಹೊಸದಾಗಿ ಕಟ್ಟೋಣ ಎಂದರು ಮಾಲಕರು. ಬೇಡ ಎಂದಳು. ನಿಂಗರಾಜ ಕಟ್ಟಿದ್ದು ಎಷ್ಟಿದೆಯೋ ಅಷ್ಟನ್ನೇ ಆಡುತ್ತೇನೆ, ಅದಕ್ಕೆ ಜನ ನಗಬೇಕು ಎಂದಳು.

ಥೇಟರು ತುಂಬಿತ್ತು. ರಂಗದ ಮೇಲೆ ಒಲೆ, ಡಬರಿ, ಚಂಪಾವತಿ. ಸ್ಟೂಲಿನ ಮೇಲೆ ನನ್ನನ್ನು ಇಟ್ಟಿದ್ದಳು, ರೂಢಿಯಿಂದ. ಅವಳು ಕಾದಳು, ಅವನ ಮಾತಿಗೆ ಹಿಡಿಯುವಷ್ಟು ಹೊತ್ತು. ಆಮೇಲೆ ಅಂದಳು:

"ಪಲ್ಯ ನಾ ಸುಟ್ಟಿಲ್ರಿ. ನಿಮ್ಮ ಹಾಡು ಕೇಳಿ ಅದ ತಾನ ತಳಾ ಹಿಡೀತು."

ಹಾಡು ಯಾರಿಗೂ ಕೇಳಿಸಿರಲಿಲ್ಲ. ಅವಳು ನಗೆಗಾಗಿ ತಡೆದು ನಿಂತಳು. ಸದ್ದಿಲ್ಲ. ಮುಂದಿನ ಮಾತು, ಮತ್ತೆ ತಡೆ. ಕತ್ತಲಲ್ಲಿ ಫೋನುಗಳು ಎದ್ದವು. ಜನ ಒಂದು ಕೈಯಲ್ಲಿ ವಿಡಿಯೊ ಮಾಡುತ್ತ ಇನ್ನೊಂದು ಕೈಯಲ್ಲಿ ಕಣ್ಣು ಒರೆಸಿಕೊಂಡರು. ಇಲ್ಲದ ಗಂಡನ ಜೊತೆ ಮಾತಾಡುತ್ತಿದ್ದಾಳೆ, ಎಂಥ ಕಲ್ಪನೆ ಎಂದುಕೊಂಡರು. ಪರದೆ ಬಿದ್ದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು.

ಬಣ್ಣದ ಕೋಣೆಗೆ ಮಾಸ್ತರ ಅಳುತ್ತಲೇ ಬಂದ. "ಎಲ್ಲಾರೂ ಅತ್ರು, ಚಂಪಕ್ಕ."

ಅವಳು ಕೊಬ್ಬರಿ ಎಣ್ಣೆಯಿಂದ ಮುಖದ ಬಣ್ಣ ತೆಗೆಯುತ್ತಿದ್ದಳು. "ಅವು ನಗೋ ಜಾಗ, ಮಾಸ್ತರ," ಎಂದಳು.

ಆ ವಿಡಿಯೊ ಎಲ್ಲ ಕಡೆ ಓಡಾಡಿತು. ನನಗೂ ಬಂತು, ಬೇರೆ ಬೇರೆ ಮಂದಿಯಿಂದ. ಅರ್ಧ ಇಳಿದು ನಿಂತಿತು. ಕೆಲವು ತಿಂಗಳ ನಂತರ ನಿಂಗರಾಜನ ಹುಟ್ಟುಹಬ್ಬ ಬಂದಾಗ, ನೂರು ಕಾಲ ಬಾಳಿ ಎಂದು ಹಾರೈಸಿದವರೂ ಇದ್ದರು.

ಈಗ ನನ್ನ ಬ್ಯಾಟರಿ ಉಬ್ಬಿದೆ, ಬೆನ್ನಿನ ಮುಚ್ಚಳ ಎದ್ದಿದೆ. ಚಂಪಾವತಿಯ ಬಣ್ಣದ ಪೆಟ್ಟಿಗೆಯಲ್ಲಿ, ಸವೆದ ಬ್ರಶ್ಶುಗಳ ಜೊತೆ ಬಿದ್ದಿದ್ದೇನೆ. ಅವಳು ಮತ್ತೆ ತಾಯಿಯ ಪಾತ್ರ, ಅತ್ತೆಯ ಪಾತ್ರ ಮಾಡುತ್ತಾಳೆ. ನನ್ನೊಳಗೆ ನಿಂಗರಾಜನಿಗಾಗಿ ಅತ್ತವರ ಧ್ವನಿಗಳಿವೆ, ಅವನ ಧ್ವನಿ ಇಲ್ಲ. ಇದಕ್ಕೆ ನನಗೆ ದುಃಖವಾಗಬೇಕಿತ್ತೇನೋ. ಆಗಿಲ್ಲ. ನಾನು ಜಾಗವಿದ್ದಷ್ಟು ಇಟ್ಟುಕೊಂಡೆ.

ಮೊನ್ನೆ ಕ್ಯಾಂಪಿನಲ್ಲಿ ಪೆಟ್ಟಿಗೆಯ ಬಾಯಿ ತೆರೆದಿತ್ತು. ಹೊರಗೆ ದೇವೇಂದ್ರ ಮಾಸ್ತರ ಯಾವುದೋ ಹಾಡನ್ನು ಕೆಟ್ಟದಾಗಿ ಎಳೆಯುತ್ತಿದ್ದ. ಚಂಪಾವತಿಯ ಒಲೆಯ ಮೇಲಿನ ಪಲ್ಯ ಸೀದ ವಾಸನೆ ಬಂದಿರಬೇಕು. ಏನು ಸುಟ್ಟೀಯವ್ವ ಎಂದು ಅವನು ಅಲ್ಲಿಂದಲೇ ಕೇಳಿ ಮತ್ತೆ ಹಾಡಿಗೆ ಹೊರಳಿದ.

"ಪಲ್ಯ ನಾ ಸುಟ್ಟಿಲ್ರಿ," ಎಂದಳು ಚಂಪಾವತಿ, ತಲೆ ಎತ್ತದೆ. "ನಿಮ್ಮ ಹಾಡು ಕೇಳಿ ಅದ ತಾನ ತಳಾ ಹಿಡೀತು."

ಕಂಪನಿಗೆ ಹೊಸದಾಗಿ ಸೇರಿದ ನಟಿಯೊಬ್ಬಳು ಅಲ್ಲೇ ಸೀರೆ ಮಡಚುತ್ತಿದ್ದಳು. ಅವಳಿಗೆ ನಿಂಗರಾಜ ಗೊತ್ತಿಲ್ಲ, ನಾಟಕ ಗೊತ್ತಿಲ್ಲ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾಸ್ತರನ ಹಾಡು ನಿಂತುಹೋಯಿತು.

ಚಂಪಾವತಿ ಸೌಟು ಹಿಡಿದು ಹಾಗೇ ನಿಂತಳು. ನಗೆ ಮುಗಿಯುವವರೆಗೆ ತಡೆದಳು. ಆಮೇಲೆ ಮುಂದಿನ ಮಾತು ಹೇಳಿದಳು.